ನಮ್ಮ ಭಜನೆಗೆ ಇನ್ನೆಷ್ಟು ಖಾನೆ?



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಪದ ಹಾಡುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಓದುತ್ತಿರುವ ನೀವೂ ಎಂದಾದರೂ ಅಮಾವಾಸ್ಯೆ ರಾತ್ರಿ ಮಠದ ಕಟ್ಟೆಯ ಮೇಲೆ ತಾಳ ಹಿಡಿದು ಕೂತವರಾದರೆ ಇದು ನಿಮ್ಮ ತಕರಾರೂ ಹೌದು. ರಸ್ತೆ ಕಿತ್ತುಹೋದರೆ ಫೋಟೊ ತೆಗೆದು ಕಳಿಸಬಹುದು. ನಳದಲ್ಲಿ ನೀರು ಬಾರದಿದ್ದರೆ ಖಾಲಿ ಕೊಡ ಹಿಡಿದು ಪಂಚಾಯ್ತಿ ಮುಂದೆ ಕೂರಬಹುದು. ನಮ್ಮ ತೊಂದರೆಯಲ್ಲಿ ಹಾಗೆ ಎತ್ತಿ ತೋರಿಸಲು ಏನೂ ಇಲ್ಲ. ಅದಕ್ಕೇ ಇರಬೇಕು, ಇಷ್ಟು ವರ್ಷವಾದರೂ ಮೇಲಿನವರ ಕಿವಿಗೆ ಬಿದ್ದಿಲ್ಲ.

ಊರಲ್ಲಿ ಎಲ್ಲರೂ ಒಟ್ಟಿಗೆ ಕೂತು ಹಾಡುವುದನ್ನು ವಿಭಾಗ, ಉಪವಿಭಾಗ ಎಂದು ತುಂಡು ಮಾಡಿ ಕಾಗದದ ಮೇಲೆ ಜೋಡಿಸಿಟ್ಟಿದ್ದಾರೆ. ಯುವಜನ ಮೇಳವಿರಲಿ, ಉತ್ಸವವಿರಲಿ, ಸ್ಪರ್ಧೆಯಿರಲಿ, ವಯಸ್ಸಾದ ಕಲಾವಿದರ ಮಾಸಾಶನದ ಅರ್ಜಿಯಿರಲಿ, ಮೊದಲು ಕೇಳುವುದು ಒಂದೇ: ಯಾವ ವಿಭಾಗ? ಜನಪದ ಗೀತೆ, ಭಾವಗೀತೆ, ಭಜನೆ, ಲಾವಣಿ, ಗೀಗೀ ಪದ, ಸೋಬಾನ ಪದ, ಬೀಸುವ ಪದ, ರಂಗಗೀತೆ, ಕೋಲಾಟ. ಅದರ ಕೆಳಗೆ ಏಕವ್ಯಕ್ತಿ, ಗುಂಪು. ಅದರ ಕೆಳಗೆ ಪುರುಷರು, ಮಹಿಳೆಯರು. ಆಮೇಲೆ ವಯಸ್ಸಿನ ಮಿತಿ, ತಂಡಕ್ಕೆ ಇಷ್ಟೇ ಜನ, ವೇದಿಕೆಯ ಮೇಲೆ ಇಷ್ಟೇ ನಿಮಿಷ.

ಊರ ಭಜನೆ ಕಾಣದವರಿಗಾಗಿ ನಾಲ್ಕು ಮಾತು ಹೇಳಬೇಕು. ಹುಣ್ಣಿಮೆ, ಅಮಾವಾಸ್ಯೆ, ಶ್ರಾವಣ ಸೋಮವಾರ, ಶಿವರಾತ್ರಿ, ಇಲ್ಲವೇ ಯಾರದಾದರೂ ಮನೆಯಲ್ಲಿ ಸಾವಾದ ರಾತ್ರಿ, ಕರೆ ಕಳಿಸದಿದ್ದರೂ ಜನ ಕೂಡುತ್ತಾರೆ. ಪೇಟಿ ಇದ್ದರೆ ಪೇಟಿ, ಇಲ್ಲದಿದ್ದರೆ ಏಕತಾರಿ, ದಮ್ಮಡಿ, ತಾಳ. ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿದ ಮೇಲೆ ಅದರ ಬೆನ್ನಿಗೆ ಅವರ ಶಿಷ್ಯಪರಂಪರೆಯ ಚನ್ನೂರ ಜಲಾಲಸಾಹೇಬರ ಪದ ಬರುತ್ತದೆ. ನಡುವೆ ಒಂದು ವಚನ, ದಾಸರದೊಂದು ಪದ. ಆಳಂದದ ಗಡಿಯೂರಾದರೆ ಮರಾಠಿ ಅಭಂಗವೂ ಬಂದೀತು. ಮೊಹರಂ ಹತ್ತಿರವಿದ್ದರೆ ಯಾರೋ ಆ ಹಬ್ಬದ ಹಾಡು ರಿವಾಯತ್ ಶುರು ಮಾಡುತ್ತಾರೆ. ಒಬ್ಬರು ಪದ ಮುಗಿಸುವ ಹೊತ್ತಿಗೆ ಎದುರು ಕೂತವರಿಗೆ ಅದಕ್ಕೆ ಜವಾಬಾಗುವ ಪದ ನೆನಪಾಗಿರುತ್ತದೆ. ಪದಕ್ಕೆ ಪದ ಕೊಡುತ್ತ ಬೆಳಗಾಗುತ್ತದೆ.

ಅಲ್ಲಿ ಎಲ್ಲರೂ ಹಾಡುಗಾರರೇನಲ್ಲ. ಮುಂದೆ ಹಾಡುವವರು ಇಬ್ಬರೋ ಮೂವರೋ. ಅವರ ಹಿಂದೆ ಸೊಲ್ಲು ಹಿಡಿಯುವವರು ಆರೇಳು ಜನ. ಅವರ ಹಿಂದೆ ಚಾದರ ಹೊದ್ದುಕೊಂಡು ಅರ್ಧ ನಿದ್ದೆಯಲ್ಲಿ ತಾಳ ತಟ್ಟುವ ಹುಡುಗರು. ಇವತ್ತು ಹಿಂದೆ ಕೂತ ಹುಡುಗ ನಾಲ್ಕು ವರ್ಷದಲ್ಲಿ ಸೊಲ್ಲು ಹಿಡಿಯುತ್ತಾನೆ, ಹತ್ತು ವರ್ಷದಲ್ಲಿ ಪದ ಎತ್ತುತ್ತಾನೆ. ಹಾಡುಗಾರಿಕೆಗೆ ನಮ್ಮಲ್ಲಿ ಬೇರೆ ಶಾಲೆ ಇಲ್ಲ. ಪುಸ್ತಕ ನೋಡಿ ಕಲಿತವರಿಗಿಂತ ಹೀಗೆ ಕತ್ತಲಲ್ಲಿ ಕೇಳಿ ಕಲಿತವರೇ ಹೆಚ್ಚು.

ಈಗ ಈ ಜನರ ಮುಂದೆ ವಿಭಾಗಗಳ ಆ ಪಟ್ಟಿ ತಂದು ಇಡಿ.

ನಮ್ಮ ಕಡೆಯ ಸಣ್ಣ ಹಳ್ಳಿಯೊಂದರಲ್ಲಿ ಗಂಟಲು ಬಿಟ್ಟು ಹಾಡುವವರು ಹತ್ತು ಜನ ಸಿಕ್ಕರೆ ದೊಡ್ಡದು. ಅದರಲ್ಲೂ ಒಬ್ಬಿಬ್ಬರು ಪುಣೆಗೋ ಮುಂಬೈಗೋ ದುಡಿಯಲು ಹೋಗಿರುತ್ತಾರೆ. ಉಳಿದವರನ್ನು ಅಷ್ಟೊಂದು ವಿಭಾಗಗಳಿಗೆ ಹೇಗೆ ಹಂಚುವುದು? ಒಂದು ಚೀಲ ಜೋಳವನ್ನು ಹದಿನೈದು ಚೀಲಕ್ಕೆ ಸುರಿದರೆ ಯಾವ ಚೀಲವೂ ನೆಟ್ಟಗೆ ನಿಲ್ಲುವುದಿಲ್ಲ. ಭಜನೆಗೆ ನಾಲ್ವರು, ಜನಪದ ಗೀತೆಗೆ ಮೂವರು, ಭಾವಗೀತೆಗೆ ಒಬ್ಬ ಎಂದು ಹೆಸರು ಬರೆಸಿದ ದಿನವೇ ಊರ ಮೇಳ ಒಡೆಯಿತು ಎಂದು ತಿಳಿಯಿರಿ. ಸೊಲ್ಲು ಹಿಡಿಯುವವರಿಗೆ ಯಾವ ವಿಭಾಗದಲ್ಲೂ ಜಾಗ ಇಲ್ಲ. ಹಿಂದೆ ಕೂತ ಹುಡುಗರಂತೂ ತಂಡದ ಲೆಕ್ಕಕ್ಕೇ ಬರುವುದಿಲ್ಲ. ಜಿಲ್ಲಾ ಕೇಂದ್ರಕ್ಕೆ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಹೆಸರು ಕೂಗುವವರೆಗೆ ಕಾದು, ಹತ್ತು ನಿಮಿಷ ಹಾಡಿ ಬರುವುದಕ್ಕೆ ಅವರನ್ನು ಯಾರು ಕರೆದೊಯ್ಯುತ್ತಾರೆ?

ಪಟ್ಟಿಯಲ್ಲಿ ತತ್ವಪದಕ್ಕೆ ನೆಲೆಯೇ ಇಲ್ಲ ಎಂಬುದು ಇನ್ನೊಂದು ಸಂಕಟ. ಒಂದು ಕಡೆ ಅದನ್ನು ಜಾನಪದದ ಕೆಳಗೆ ಹಾಕುತ್ತಾರೆ, ಇನ್ನೊಂದು ಕಡೆ ಭಜನೆಯ ಕೆಳಗೆ, ಮತ್ತೊಂದು ಕಡೆ ಸುಗಮ ಸಂಗೀತದ ಜೊತೆ. ಜಾನಪದ ಎಂದು ಬರೆಸಿದರೆ, ಪದದ ಕೊನೆಗೆ ಕವಿಯ ಅಂಕಿತ ಇದೆಯಲ್ಲ, ಇದು ಜಾನಪದ ಹೇಗಾದೀತು ಎಂದು ತಕರಾರು. ಭಜನೆ ಎಂದು ಬರೆಸಿದರೆ, ದೇವರ ಹೆಸರು ಎಲ್ಲಿದೆ ಎಂದು ಪ್ರಶ್ನೆ. ಸುಗಮ ಸಂಗೀತದವರು ಶ್ರುತಿ ಪೆಟ್ಟಿಗೆ ಕೇಳುತ್ತಾರೆ. ಮಡಿವಾಳಪ್ಪನವರು ಬದುಕಿದ್ದಾಗಲೂ ಮಠದವರು ಅವರನ್ನು ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡಿದ್ದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಇಂದು ಅವರ ಪದಗಳಿಗೆ ಅದೇ ಗತಿ, ಬಾಗಿಲು ಕಾಯುವವರು ಮಾತ್ರ ಬದಲು.

ಹೆಣ್ಣುಮಕ್ಕಳ ಪಾಡು ಬೇರೆ. ಮಹಿಳೆಯರಿಗೆಂದು ಸೋಬಾನ, ಬೀಸುವ ಪದ ಇಟ್ಟಿದ್ದೇವಲ್ಲ ಎನ್ನುತ್ತಾರೆ. ಬೀಸುಕಲ್ಲು ಎಷ್ಟು ಮನೆಗಳಲ್ಲಿ ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಸ್ಪರ್ಧೆಗಾಗಿ ಬೀಸುಕಲ್ಲನ್ನು ಟಂಟಂನಲ್ಲಿ ಹೇರಿಕೊಂಡು ಹೋಗಬೇಕು. ಇಡೀ ರಾತ್ರಿ ತತ್ವಪದ ಹಾಡಬಲ್ಲ ಅವ್ವಂದಿರು, ಆಯಿಗಳು ನಮ್ಮ ಊರುಗಳಲ್ಲಿದ್ದಾರೆ. ಗಂಡಸರ ಜೊತೆ ಎದುರುಬದುರು ಕೂತು ಜವಾಬು ಕೊಡಬಲ್ಲವರು. ಅವರನ್ನು ಕಲ್ಲಿನ ಮುಂದೆ ಕೂರಿಸಿ, ನಿಮ್ಮ ವಿಭಾಗ ಇದು ಎಂದರೆ ಎರಡನೇ ವರ್ಷ ಅವರು ಬರುವುದಿಲ್ಲ. ಬಂದಿಲ್ಲ ಕೂಡ.

ರಿವಾಯತ್ ಹಾಡುವವರ ಕಥೆಯೂ ಅಷ್ಟೆ. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಯಾರು ಯಾರು ಹೋಗುತ್ತಾರೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಕಾಗದದ ಮೇಲೆ ಮಾತ್ರ ಅವರು ಬೇರೆ, ಭಜನೆಯವರು ಬೇರೆ.

ಮಾಸಾಶನದ ಅರ್ಜಿಯಲ್ಲಿ ಕಲಾಪ್ರಕಾರಕ್ಕೆ ಒಂದೇ ಜಾಗ. ಹಗಲು ಹೊಲದಲ್ಲಿ ದುಡಿದು ರಾತ್ರಿ ಏಕತಾರಿ ಹಿಡಿದ ಮುತ್ಯಾ, ಸುಗ್ಗಿಯಲ್ಲಿ ಲಾವಣಿ ಹಾಡಿದವರು, ಜಾತ್ರೆಯ ಸಣ್ಣಾಟದಲ್ಲಿ ಪಾತ್ರ ಮಾಡಿದವರು, ಹಬ್ಬದಲ್ಲಿ ಹಲಗೆ ಬಾರಿಸಿದವರು, ಎಲ್ಲ ಒಬ್ಬರೇ. ಆನ್‌ಲೈನ್ ಅರ್ಜಿ ತುಂಬುವ ಹುಡುಗ ‘ಮುತ್ಯಾ, ಒಂದು ಹೇಳ್ರಿ’ ಅನ್ನುತ್ತಾನೆ. ಅವರು ಯಾವುದನ್ನು ಹೇಳಬೇಕು? ಒಂದನ್ನು ಹೇಳಿದರೆ ಉಳಿದ ಮೂರಕ್ಕೆ ಸಿಕ್ಕ ಪ್ರಮಾಣಪತ್ರಗಳಿಗೆ ಬೆಲೆ ಇಲ್ಲ. ಅರ್ಜಿ ತಿರುಗಿ ಬಂದಾಗ ಕಾರಣ ಕೇಳಲು ಅವರಿಗೆ ತ್ರಾಣವೂ ಇರುವುದಿಲ್ಲ.

ಊರ ಮೇಳದ ಜೊತೆಗೆ ನೆಲವೂ ಹಂಚಿಹೋಗಿದೆ. 2009ರ ಕೊನೆಗೆ ಯಾದಗಿರಿ ನಮ್ಮ ಜಿಲ್ಲೆಯಿಂದ ಬೇರೆಯಾಯಿತು. ಇಲ್ಲಿ ಉಳಿದ 7 ತಾಲ್ಲೂಕು 2018ರಲ್ಲಿ 11 ಆದವು. ಜೇವರ್ಗಿಯಿಂದ ಯಡ್ರಾಮಿ ಬೇರೆಯಾಗಿ, ಮಡಿವಾಳಪ್ಪನವರ ಕಡಕೋಳವೂ ಆ ಕಡೆಗೆ ಹೋಯಿತು. ಕಚೇರಿ ಹತ್ತಿರ ಬಂದರೆ ಪಹಣಿಗೆ ಅಲೆಯುವ ರೈತನಿಗೆ ಒಳ್ಳೆಯದೇ, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ತಾಲ್ಲೂಕು ಮಟ್ಟದ ಮೇಳವೂ ಅದರ ಜೊತೆಗೇ ಎರಡಾಗಬೇಕೆ? ಮೊದಲೇ ಬೆರಳೆಣಿಕೆಯ ತಂಡಗಳಿದ್ದ ಕಡೆ ಈಗ ಎದುರಾಳಿ ಇಲ್ಲದೆ ಒಂದೇ ತಂಡ ಹಾಡಿ ಮೊದಲ ಬಹುಮಾನ ತಗೊಂಡು ಬರುವಂತಾದರೆ, ಆ ಬಹುಮಾನಕ್ಕೆ ಏನು ರುಚಿ?

ವಿಭಾಗವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಒಂದು ಕಾಲಕ್ಕೆ ಜಾನಪದ, ಯಕ್ಷಗಾನ ಎರಡಕ್ಕೂ ಒಂದೇ ಅಕಾಡೆಮಿ ಇತ್ತು. 2007ರಲ್ಲಿ ಯಕ್ಷಗಾನ, ಬಯಲಾಟ ಸೇರಿ ಬೇರೆಯಾದವು. ಹತ್ತು ವರ್ಷದ ಮೇಲೆ ಬಯಲಾಟವೂ ತನ್ನ ಪಾಡಿಗೆ ಬೇರೆಯಾಯಿತು. ಕರಾವಳಿಯ ಯಕ್ಷಗಾನದ ಅಬ್ಬರದ ಪಕ್ಕದಲ್ಲಿ ನಮ್ಮ ದೊಡ್ಡಾಟ, ಸಣ್ಣಾಟದವರ ದನಿ ಕೇಳುತ್ತಿರಲಿಲ್ಲ. ಬೇರೆ ಮನೆ ಮಾಡಿದ್ದರಿಂದ ಕೇಳುವಂತಾಯಿತು. ಕೇರಳದ ಶಾಲಾ ಕಲೋತ್ಸವ ನೋಡಿ. 1957ರಲ್ಲಿ ಶುರುವಾದ ಅದರಲ್ಲಿ ಈಗ 200ಕ್ಕೂ ಹೆಚ್ಚು ಸ್ಪರ್ಧೆಗಳಿವೆ. ಕಾಸರಗೋಡಿನ ಕನ್ನಡ ಮಕ್ಕಳು ಅಲ್ಲಿ ಯಕ್ಷಗಾನದ ಗೆಜ್ಜೆ ಕಟ್ಟುತ್ತಾರೆ. ಅಷ್ಟು ವಿಭಾಗವಿದ್ದೂ ಜನ ಮುಗಿಬೀಳುವುದಕ್ಕೆ ಕಾರಣ, ಪ್ರತಿ ವಿಭಾಗದ ಹಿಂದೆ ಕಲಿಸುವವರು ಇದ್ದಾರೆ, ಶಾಲೆ ಇದೆ, ಊರಿಗೆ ಊರೇ ಇದೆ. ನಮ್ಮಲ್ಲಿ ವಿಭಾಗದ ಹಿಂದೆ ಏನಿದೆ? ಒಂದು ಸುತ್ತೋಲೆ.

ಅಷ್ಟು ದೂರ ಯಾಕೆ, ವಿಭಾಗ ಮಾಡುವುದು ಹೇಗೆಂದು ನಮ್ಮ ಹಿರಿಯರೇ ತೋರಿಸಿಕೊಟ್ಟಿದ್ದಾರೆ. ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಒಂದು ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಒಂದೇ ಜಾತ್ರೆ, ಒಂದೇ ಕಟ್ಟೆ, ಎದುರುಬದುರು ಡಪ್ಪು. ಹರದೇಶಿಯವರು ಸವಾಲು ಹಾಕಿದರೆ ನಾಗೇಶಿಯವರು ಉತ್ತರ ಕಟ್ಟಲೇಬೇಕು. ಒಬ್ಬರಿಲ್ಲದೆ ಇನ್ನೊಬ್ಬರ ಹಾಡೇ ಮುಂದೆ ಹೋಗದು. ಜನವೂ ಎರಡು ಪಾಳಿಯಾಗಿ ನಿಂತು ಹುರಿದುಂಬಿಸುತ್ತಾರೆ. ಹಾಗೆ ಭಾಗ ಮಾಡಿದ್ದರಿಂದ ಹಾಡುವವರು ಹೆಚ್ಚಾದರು. ಇದನ್ನೇ ಸರಕಾರಿ ಪಟ್ಟಿ ಮಾಡಿದ್ದರೆ ಹರದೇಶಿಗೆ ಬೆಳಿಗ್ಗೆ ಹತ್ತಕ್ಕೆ ಒಂದನೇ ವೇದಿಕೆ, ನಾಗೇಶಿಗೆ ಮಧ್ಯಾಹ್ನ ಮೂರಕ್ಕೆ ಎರಡನೇ ವೇದಿಕೆ ಎಂದಾಗುತ್ತಿತ್ತು.

ಈ ಮಾತುಗಳನ್ನು ಮೊದಲ ಸಲ ಹೇಳುತ್ತಿಲ್ಲ. ಹಾಡುವವರು ಮನವಿ ಕೊಟ್ಟಿದ್ದಾರೆ, ಸಭೆಗಳಲ್ಲಿ ಎದ್ದು ನಿಂತು ಕೇಳಿದ್ದಾರೆ. ‘ಮೇಲಿಂದ ಬಂದ ಪಟ್ಟಿ, ನಾವೇನು ಮಾಡೋಣ’ ಎನ್ನುತ್ತಾರೆ ಕೆಳಗಿನವರು. ಮೇಲಿನವರು ಯಾರು ಎಂದು ಕೇಳಿದರೆ ಅದಕ್ಕೂ ಮೇಲೆ ಬೆರಳು ತೋರಿಸುತ್ತಾರೆ. ಇಲ್ಲ ಎಂದು ಹೇಳಿಬಿಟ್ಟರೂ ಸಮಾಧಾನವಿತ್ತು, ಜಗಳವಾದರೂ ಆಡಬಹುದಿತ್ತು. ಉತ್ತರವೇ ಬಾರದಿದ್ದರೆ ನಮ್ಮ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ಎಂಬುದೂ ತಿಳಿಯದು. ವರ್ಷ ಕಳೆಯುತ್ತದೆ, ಅದೇ ಪಟ್ಟಿ ತಾರೀಖು ಬದಲಿಸಿಕೊಂಡು ಮತ್ತೆ ಬರುತ್ತದೆ. ಅದೂ ತೊಗರಿ ಕೊಯ್ಲಿನ ದಿನಗಳಲ್ಲಿ, ಕಣದಲ್ಲಿ ರಾಶಿ ಬಿದ್ದಿರುವಾಗ. ಕೊನೆಗೆ ಭಾಗವಹಿಸುವವರ ಸಂಖ್ಯೆ ಇಳಿದಿದೆ, ಯುವಕರಿಗೆ ಆಸಕ್ತಿ ಇಲ್ಲ ಎಂದು ವೇದಿಕೆಯ ಮೇಲಿಂದ ನಮಗೇ ಬುದ್ಧಿ ಹೇಳುತ್ತಾರೆ. ಯುವಕರನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಕಳಿಸಿದವರು ಯಾರು?

ನಾವು ಕೇಳುವುದು ದುಡ್ಡಲ್ಲ. ತಾಲ್ಲೂಕಿನ ಮೇಳದಲ್ಲಿ ಒಂದು ರಾತ್ರಿಯನ್ನು ಊರ ಭಜನೆಗೆ ಬಿಟ್ಟುಕೊಡಿ. ಅಲ್ಲಿ ಜನದ ಲೆಕ್ಕ ಬೇಡ, ವಯಸ್ಸಿನ ಮಿತಿ ಬೇಡ, ಗಂಡು ಹೆಣ್ಣು ಒಟ್ಟಿಗೆ ಕೂರಲಿ, ಮಡಿವಾಳಪ್ಪನವರ ಪದದ ಮೇಲೆ ರಿವಾಯತ್ ಬಂದರೆ ತೀರ್ಪುಗಾರರು ಅಂಕ ಕಳೆಯದಿರಲಿ. ಉಳಿದ ವಿಭಾಗಗಳಲ್ಲಿ ಒಬ್ಬರು ಎರಡು ಮೂರು ಕಡೆ ಹಾಡಲು ಅಡ್ಡಿ ಇರಬಾರದು. ತಂಡ ಕಡಿಮೆ ಇದ್ದರೆ ಜೇವರ್ಗಿ, ಯಡ್ರಾಮಿಯವರನ್ನು ಒಂದೇ ವೇದಿಕೆಗೆ ಕರೆಯಿರಿ, ಆಳಂದ, ಅಫಜಲಪುರದವರನ್ನೂ ಎದುರುಬದುರು ಕೂರಿಸಿ. ಮಾಸಾಶನದ ಅರ್ಜಿಯಲ್ಲಿ ಕಲಾಪ್ರಕಾರಕ್ಕೆ ಒಂದರ ಬದಲು ನಾಲ್ಕು ಸಾಲು ಮಾಡಿ. ತಾರೀಖು ಇಡುವ ಮುಂಚೆ ತೊಗರಿ ರಾಶಿ ಮುಗಿಯಿತೇ ಎಂದು ಒಂದು ಮಾತು ಕೇಳಿ.

ಹೊಸ ವಿಭಾಗ ಮಾಡಲೇಬೇಕೆಂದಿದ್ದರೆ ಕರಡು ಪಟ್ಟಿಯನ್ನು ಮೊದಲು ಗ್ರಾಮ ಪಂಚಾಯ್ತಿಯ ಗೋಡೆಗೆ ಅಂಟಿಸಿ, ಹಾಡುವವರು ಓದಿ ಆಕ್ಷೇಪ ಬರೆಯಲು ಒಂದು ತಿಂಗಳು ಕೊಡಿ. ಈ ಸಲವೂ ಹಳೆಯ ಪಟ್ಟಿಯೇ ಬಂದರೆ ನಮ್ಮ ಮೇಳದವರು ಯಾವ ವಿಭಾಗದಲ್ಲೂ ಹೆಸರು ಬರೆಸುವುದಿಲ್ಲ. ಹತ್ತಿರದ ಊರಿನ ಮೇಳದವರೂ ಹಾಗೆಯೇ ಮಾಡಲಿ ಎಂದು ಈ ಪತ್ರದ ಮೂಲಕವೇ ಕೇಳಿಕೊಳ್ಳುತ್ತೇನೆ.

ಇಂತಿ,
ಭೀಮಾ ದಂಡೆಯ ಒಬ್ಬ ಭಜನೆಯವ