ಪೇಟಿ ಹಿಂದೆ, ಪಿಯಾನೊ ಮುಂದೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಭಜನೆಗಳಲ್ಲಿ ಪೇಟಿ (ಹಾರ್ಮೋನಿಯಂ), ತಬಲಾ ಸಾಮಾನ್ಯ. ಶರೀಫರ ಪದದ ಒಂದು ಸಾಲು ಮುಗಿದ ಕೂಡಲೇ ಪೇಟಿಯವರು ಅದನ್ನೇ ತಿರುಗಿ ನುಡಿಸುತ್ತಾರೆ. ಹಾಡುವವರಿಗೆ ಉಸಿರೆಳೆದುಕೊಳ್ಳಲು ಅಷ್ಟು ಬಿಡುವು. ಪೇಟಿ ನಮ್ಮಲ್ಲಿ ದನಿಯ ಹಿಂದೆ ನಡೆಯುವ ವಾದ್ಯ. ಜಾಝ್‌ನ ಪಿಯಾನೊ ತ್ರಯದಲ್ಲಿ ಹಾಡುವವರೇ ಇಲ್ಲ. ಪಿಯಾನೊ ಮುಂದೆ, ಜೊತೆಗೆ ಡಬಲ್ ಬಾಸ್ ಮತ್ತು ಡ್ರಮ್ಸ್.

ಪೇಟಿ, ಪಿಯಾನೊ ಎರಡಕ್ಕೂ ಕೊರತೆ ಒಂದೇ. ಬಿಳಿ ಮನೆಗೂ ಕರಿ ಮನೆಗೂ ನಡುವೆ ಸ್ವರ ಜಾರುವುದಿಲ್ಲ, ಮೀಂಡ್ ಹೊರಡುವುದಿಲ್ಲ. ಇದೂ ಒಂದು ಕಾರಣವಾಗಿ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. ನಿಷೇಧ ಸಡಿಲಾಗಲು ಮೂರು ದಶಕ ಬೇಕಾಯಿತು. ಅತಿರೇಕವೇ ಸರಿ. ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಪೇಟಿಯನ್ನು ಕೀಳಾಗಿ ಕಂಡವರಲ್ಲ. ಅವರ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಹಾಡಿನ ಜೊತೆಗೆ ಪೇಟಿ, ತಬಲಾವನ್ನೂ ಕಲಿತರು. ಸ್ವತಃ ಪುಟ್ಟರಾಜರು ಹಾಡುತ್ತಿದ್ದರು, ಪೇಟಿ, ತಬಲಾ, ಸಾರಂಗಿ, ವಯೊಲಿನ್ ನುಡಿಸುತ್ತಿದ್ದರು. ಸಾಥಿಯ ಕಷ್ಟ ಬಲ್ಲ ಗಾಯಕರು ಅವರು.

ಮೀಂಡ್ ಇಲ್ಲದ ಪಿಯಾನೊ ಬೇರೆ ದಾರಿ ಹಿಡಿಯಿತು. ಏಕಕಾಲಕ್ಕೆ ಹಲವು ಮನೆ ಒತ್ತಿ ಸ್ವರಗಳನ್ನು ಗುಚ್ಛವಾಗಿ ನುಡಿಸುವ ದಾರಿ ಅದು. ಆ ಗುಚ್ಛದ ಬುಡದ ಸ್ವರವನ್ನು ದಪ್ಪ ತಂತಿಗಳ ಬಾಸ್ ಒಂದೇ ನಡೆಯಲ್ಲಿ ಮೀಟುತ್ತ ಹೋಗಬೇಕು, ಡ್ರಮ್ಸ್ ಲಯ ಕಾಯಬೇಕು ಎಂಬುದು ಹಳೆಯ ಪದ್ಧತಿ. ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ತ್ರಯ ಅದನ್ನು ಮುರಿಯಿತು. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್ಗಾರ್ಡ್ ಕ್ಲಬ್ಬಿನಲ್ಲಿ ಅವರು ನುಡಿಸಿದ್ದು ಧ್ವನಿಮುದ್ರಣವಾಯಿತು. ಗ್ಲಾಸುಗಳ ಸದ್ದು, ಗಿರಾಕಿಗಳ ಮಾತೂ ಅದರೊಳಗಿದೆ. ಬಾಸ್ ನುಡಿಸಿದ ಸ್ಕಾಟ್ ಲಫಾರೊಗೆ ಆಗ 25 ವರ್ಷ. ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಅದಕ್ಕೇ ಆ ದಿನದ ಮೊದಲ ಆಲ್ಬಂ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್ಗಾರ್ಡ್’ಗೆ ಅವರ ಬಾಸ್ ಎದ್ದು ಕೇಳುವ ತುಣುಕುಗಳನ್ನೇ ಆರಿಸಿದರು, ಮೊದಲನೆಯದು ‘ಗ್ಲೋರಿಯಾಸ್ ಸ್ಟೆಪ್’, ಲಫಾರೊ ಅವರದೇ ರಚನೆ.

ಕೇಳುವಾಗ ಮೊದಲ ಸಲ ಪಿಯಾನೊವನ್ನು ಅದರ ಪಾಡಿಗೆ ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ. ಅದು ಠೇಕಾ ಹಿಡಿದು ಕೂರುವುದಿಲ್ಲ. ಇವಾನ್ಸ್ ಒಂದು ಮಾತು ಮುಗಿಸುವ ಮೊದಲೇ ಮೇಲಿನ ಸಪ್ತಕಕ್ಕೆ ಏರಿ ತನ್ನ ಮಾತು ಸೇರಿಸುತ್ತದೆ, ಒಮ್ಮೊಮ್ಮೆ ಸುಮ್ಮನಾಗುತ್ತದೆ. ಸಮ್ ಕಾಯುತ್ತ ಕೂತ ನಮ್ಮ ಕಿವಿ ಇಲ್ಲಿ ತಡವರಿಸುವುದು ಸಹಜ. ಆವರ್ತನವೇನೋ ಇದ್ದೇ ಇದೆ: ಸ್ವರಗುಚ್ಛಗಳ ಒಂದು ಸುತ್ತು ಮುಗಿದು ಮತ್ತೆ ಶುರುವಾಗುವ ಜಾಗ ಮೂವರಿಗೂ ಗೊತ್ತು. ಡ್ರಮ್ಸ್‌ನ ಪಾಲ್ ಮೋಷನ್ ಅದನ್ನು ಪ್ರತಿ ಸಲ ಬಡಿದು ಸಾರುವುದಿಲ್ಲ, ಅಷ್ಟೇ.