ಹಸಿರು ದೀಪದ ಲೆಕ್ಕ

ಬೆಂಗಳೂರಿನ ರಸ್ತೆಗಳ ಸಿಗ್ನಲ್ ದೀಪಗಳನ್ನು ಗಣಕಯಂತ್ರದ ಕೈಗೆ ಒಪ್ಪಿಸುವ ಕೆಲಸ 2024ರಲ್ಲಿ ಆರಂಭವಾಯಿತು. ಯೋಜನೆ 165 ಜಂಕ್ಷನ್‌ಗಳದು. ಕೇಂದ್ರ ಸರ್ಕಾರಕ್ಕೆ ಸೇರಿದ ಸಿ-ಡ್ಯಾಕ್ ಸಂಸ್ಥೆಯು ತಿರುವನಂತಪುರದಲ್ಲಿ ಸಿದ್ಧಪಡಿಸಿದ ತಂತ್ರಾಂಶವು ಯಾವ ಕಡೆಯಿಂದ ಎಷ್ಟು ವಾಹನ ಬರುತ್ತಿದೆಯೆಂದು ನೋಡುತ್ತದೆ. ಯಾರಿಗೆ ಎಷ್ಟು ಸೆಕೆಂಡು ಹಸಿರು, ಎಷ್ಟು ಸೆಕೆಂಡು ಕೆಂಪು ಎಂದು ತಾನೇ ತೀರ್ಮಾನಿಸುತ್ತದೆ. ಬೆಂಗಳೂರಿಗೆ ಬಂದದ್ದು ಜಿಲ್ಲೆಯ ಊರುಗಳಿಗೂ ಬಂದೇ ಬರುತ್ತದೆ. ಬರುವ ಮೊದಲೇ ಅದರ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡುವುದು ಕಾರ್ಮಿಕ ಬಾಂಧವರಿಗೂ ಸಣ್ಣ ವರ್ತಕರಿಗೂ ಒಳ್ಳೆಯದು. ಏಕೆಂದರೆ ಇಲ್ಲಿ ಹಂಚಿಕೆಯಾಗುತ್ತಿರುವ ಸರಕು ಸಾಮಾನ್ಯವಾದುದಲ್ಲ. ಅದು ಮನುಷ್ಯರ ಹೊತ್ತು.

ಯಂತ್ರವನ್ನು ಬೈಯುವುದು ನಮ್ಮ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಒಂದೊಂದು ದೀಪವೂ ತನ್ನಷ್ಟಕ್ಕೆ ತಾನು ಉರಿದು ಆರುತ್ತಿದ್ದರೆ, ಒಂದು ಸರ್ಕಲ್ ದಾಟಿದ ಗಾಡಿ ಮುಂದಿನ ಸರ್ಕಲ್‌ನಲ್ಲಿ ಮತ್ತೆ ನಿಲ್ಲಬೇಕು. ಪೆಟ್ರೋಲು ಹಾಳು, ಗಾಳಿ ಹಾಳು, ಹೊತ್ತೂ ಹಾಳು. ದೀಪಗಳು ಒಂದರ ಮಾತನ್ನೊಂದು ಕೇಳಿಕೊಂಡು ಉರಿದರೆ ಎಲ್ಲರಿಗೂ ಲಾಭವೇ. ಈ ವಿದ್ಯೆ ಹೊಸದೂ ಅಲ್ಲ. ವಾಹನಗಳು ಕಾಯುವ ಹೊತ್ತನ್ನು ಆದಷ್ಟು ಕಡಿಮೆ ಮಾಡುವ ಸೂತ್ರವನ್ನು ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ವೆಬ್‌ಸ್ಟರ್ 1958ರಲ್ಲಿಯೇ ಪ್ರಕಟಿಸಿದರು. ಗಣಕಯಂತ್ರದಿಂದ ದೀಪಗಳನ್ನು ನಡೆಸಿದ ಮೊದಲ ನಗರಗಳಲ್ಲಿ ಒಂದು ಕೆನಡಾದ ಟೊರಾಂಟೊ. ಅಲ್ಲಿ ಅದು 1963ರಲ್ಲಿ ಶುರುವಾಯಿತು.

ಕೆಲಸ ನಡೆಯುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯೋಣ. ಎರಡು ಸರ್ಕಲ್‌ಗಳ ನಡುವೆ 600 ಮೀಟರು ದೂರವಿದೆಯೆನ್ನಿ. ಗಂಟೆಗೆ 36 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 10 ಮೀಟರು ಸಾಗುತ್ತದೆ. 60 ಸೆಕೆಂಡಿಗೆ ಎರಡನೆಯ ಸರ್ಕಲ್ ತಲುಪುತ್ತದೆ. ಆದ್ದರಿಂದ ಮೊದಲನೆಯ ದೀಪ ಹಸಿರಾದ 60 ಸೆಕೆಂಡಿಗೆ ಸರಿಯಾಗಿ ಎರಡನೆಯದೂ ಹಸಿರಾಗುವಂತೆ ಹೊಂದಿಸಿದರೆ ಕಾರು ನಿಲ್ಲದೆ ಹೋಗುತ್ತದೆ. ಇದನ್ನು ಹಸಿರು ಅಲೆ ಎನ್ನುತ್ತಾರೆ. ರೈಲ್ವೆಯವರು ಗಾಡಿಗಳ ಓಟವನ್ನು ಗೆರೆ ಎಳೆದು ತೋರಿಸುವಂತೆಯೇ, ಒಂದು ಬದಿಗೆ ದೂರ, ಇನ್ನೊಂದು ಬದಿಗೆ ಹೊತ್ತು ಗುರುತಿಸಿ ಓರೆಗೆರೆ ಎಳೆಯುತ್ತಾರೆ. ಕಾಗದದ ಮೇಲೆ ಮಾಡುತ್ತಿದ್ದ ಆ ಕೆಲಸವನ್ನು ಈಗ ತಂತ್ರಾಂಶ ಮಾಡುತ್ತದೆ.

ಈಗ ಅದೇ ರಸ್ತೆಯಲ್ಲಿ ಒಂದು ಬಸ್ಸನ್ನು ಬಿಡೋಣ. ಅದರಲ್ಲಿ 60 ಜನರಿದ್ದಾರೆ. ನಡುವೆ ಒಂದು ನಿಲ್ದಾಣವಿದೆ. ಜನ ಇಳಿದು ಹತ್ತಲು 30 ಸೆಕೆಂಡು, ಬಸ್ಸು ನಿಂತು ಮತ್ತೆ ವೇಗಕ್ಕೆ ಬರಲು 10 ಸೆಕೆಂಡು ಹಿಡಿಯಿತು. ಕಾರಿಗಿಂತ 40 ಸೆಕೆಂಡು ತಡವಾಗಿ ಬಸ್ಸು ಎರಡನೆಯ ಸರ್ಕಲ್‌ಗೆ ಬರುತ್ತದೆ. ಅಲ್ಲಿನ ಹಸಿರು ಇದ್ದದ್ದು 30 ಸೆಕೆಂಡು. ಅದು ಆಗಲೇ ಮುಗಿದಿದೆ. ದೀಪದ ಪೂರ್ತಿ ಒಂದು ಸುತ್ತು 120 ಸೆಕೆಂಡಿನದಾದರೆ ಬಸ್ಸು 80 ಸೆಕೆಂಡು ಕಾಯಬೇಕು. ಅರವತ್ತು ಜನರ ಎಂಬತ್ತು ಸೆಕೆಂಡುಗಳನ್ನು ಕೂಡಿಸಿದರೆ 80 ನಿಮಿಷ! ಮುಂದಿನ ನಿಲ್ದಾಣವಾದ ಮೇಲೆ ಮತ್ತೆ ಇದೇ ಕಥೆ. ಯಾರೂ ಬೇಕೆಂದು ಬಸ್ಸನ್ನು ತಡೆದಿಲ್ಲ. ಕಾರಿನ ಓಟಕ್ಕೆ ತಾಳ ಹಾಕಿದ ರಸ್ತೆಯಲ್ಲಿ ಬಸ್ಸು ತಾಳ ತಪ್ಪಲೇಬೇಕು, ಅಷ್ಟೆ. ಕಾರಿನವರಿಗೆ ಹಸಿರು ಅಲೆ, ಬಸ್ಸಿನವರಿಗೆ ಕೆಂಪು ಸಾಲು.

ಇದರ ಮೂಲ ಎಲ್ಲಿದೆ? ಅಂಗಡಿ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಎಷ್ಟೇ ಸರಿಯಾಗಿದ್ದರೂ ತೂಕದ ಕಲ್ಲು ತಪ್ಪಿದ್ದರೆ ತೂಕವೂ ತಪ್ಪೇ. ನಮ್ಮ ದೇಶದ ರಸ್ತೆ ಲೆಕ್ಕದಲ್ಲಿ ತೂಕದ ಕಲ್ಲು ಕಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರಡಿಸಿದ ಪಟ್ಟಿಯಲ್ಲಿ ಕಾರಿಗೆ 1 ಎಂದು ಬೆಲೆ ಕಟ್ಟಿ, ಉಳಿದ ವಾಹನಗಳನ್ನು ಅದಕ್ಕೆ ಹೋಲಿಸಿದ್ದಾರೆ. ಬೈಸಿಕಲ್ಲಿಗೆ 0.4ರಿಂದ 0.5. ಬಸ್ಸಿಗೆ 2.2ರಿಂದ 3.7. ಕೈಗಾಡಿಗೆ 2ರಿಂದ 3. ಅಂದರೆ ತರಕಾರಿ ತಳ್ಳಿಕೊಂಡು ಹೋಗುವ ಬಡವನ ಗಾಡಿ ಎರಡು ಮೂರು ಕಾರುಗಳಷ್ಟು ಅಡ್ಡಿ. ಅರವತ್ತು ಜನರ ಬಸ್ಸು ಹೆಚ್ಚೆಂದರೆ ನಾಲ್ಕು ಕಾರಿಗೂ ಕಡಿಮೆ. ಕಾರಿಗೆ ಇಬ್ಬರಂತೆ ಹಿಡಿದರೂ 3.7 ಕಾರುಗಳಲ್ಲಿ ಎಂಟು ಜನ ಆಗುವುದಿಲ್ಲ. ನಡೆದು ಹೋಗುವವನಿಗೆ ಈ ಪಟ್ಟಿಯಲ್ಲಿ ಸಾಲೇ ಇಲ್ಲ.

ಯಾವ ಗಾಡಿ ರಸ್ತೆಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆಯಲು ಮಾಡಿದ ಪಟ್ಟಿ ಇದು. ರಸ್ತೆಯ ಅಗಲವನ್ನು ಗೊತ್ತುಪಡಿಸಲು ಬೇಕಾದದ್ದೇ, ನಿಜ. ಆದರೆ ಜಾಗ ಅಳೆಯುವ ಕೋಲಿನಿಂದಲೇ ಹೊತ್ತನ್ನೂ ಅಳೆದು ಹಂಚಲು ಹೊರಟಾಗ ಅನ್ಯಾಯ ಹುಟ್ಟುತ್ತದೆ. ಹೊತ್ತು ಕಳೆದುಕೊಳ್ಳುವುದು ಗಾಡಿಯಲ್ಲ, ಗಾಡಿಯೊಳಗಿನ ಮನುಷ್ಯ.

ಪ್ರಯಾಣದ ಹೊತ್ತನ್ನು ಅಳೆಯುವಲ್ಲಿಯೂ ಇದೇ ದೋಷವಿದೆ. 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಯಿತೆಂದು ಹಾಲೆಂಡಿನ ಟಾಮ್‌ಟಾಮ್ ಕಂಪನಿ ಲೆಕ್ಕ ಕೊಟ್ಟಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದು ಕಾರಿನಲ್ಲಿ ಹೋಗುವವರ 28 ನಿಮಿಷ. ಬಸ್ಸಿಗಾಗಿ ಕಾದು, ನಿಂತುಕೊಂಡೇ ಪ್ರಯಾಣ ಮಾಡಿ, ಇಳಿದು ಮತ್ತೆ ನಡೆದು ಕಾರ್ಖಾನೆಯ ಬಾಗಿಲು ಸೇರುವವನ ಹೊತ್ತು ಆ ಲೆಕ್ಕದಲ್ಲಿಲ್ಲ. ಎರಡು ನಿಮಿಷ ತಡವಾಗಿ ಬಂದರೆ ಹಾಜರಿ ತಪ್ಪುವ ಭಯ ಇರುವುದು ಮಾತ್ರ ಅವನಿಗೇ.

ಕಾಲ್ನಡಿಗೆಯವರ ಪಾಡು ಇನ್ನೂ ಕಷ್ಟ. ರಸ್ತೆ ದಾಟುವ ಹೊತ್ತನ್ನು ಗೊತ್ತುಮಾಡುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಹಿಡಿಯುವುದು ನಮ್ಮಲ್ಲಿನ ಕ್ರಮ. 24 ಮೀಟರಿನ ರಸ್ತೆಗೆ 20 ಸೆಕೆಂಡು. ಸೆಕೆಂಡಿಗೆ 0.8 ಮೀಟರು ಮಾತ್ರ ನಡೆಯಬಲ್ಲ ಮುದುಕಿ ಆ 20 ಸೆಕೆಂಡಿನಲ್ಲಿ 16 ಮೀಟರು ಬಂದಿರುತ್ತಾಳೆ. ಉಳಿದ ಎಂಟು ಮೀಟರನ್ನು ಹೊರಟ ವಾಹನಗಳ ಎದುರಿಗೆ ದಾಟಬೇಕು. ಅಮೆರಿಕದವರೇ ತಮ್ಮ ನಿಯಮದಲ್ಲಿ ಈ ವೇಗವನ್ನು 2009ರಲ್ಲಿ ಸುಮಾರು 1.07 ಮೀಟರಿಗೆ ಇಳಿಸಿದರು. ದೀಪಗಳನ್ನು ಒಂದಕ್ಕೊಂದು ಜೋಡಿಸಿದಾಗ ಮತ್ತೊಂದು ತೊಂದರೆ ಸೇರುತ್ತದೆ. ಸಾಲಿನ ಎಲ್ಲ ದೀಪಗಳ ಸುತ್ತೂ ಸಾಮಾನ್ಯವಾಗಿ ಒಂದೇ ಅಳತೆಯದಾಗಿರಬೇಕು. ದೊಡ್ಡ ಜಂಕ್ಷನ್‌ಗೆ ಬೇಕಾದ ಉದ್ದದ ಸುತ್ತು ಪೇಟೆಯ ಸಣ್ಣ ಸರ್ಕಲ್‌ಗೂ ಅಂಟಿಕೊಳ್ಳುತ್ತದೆ. ಎದುರಿನ ಅಂಗಡಿಗೆ ಹೋಗಬೇಕಾದ ಗಿರಾಕಿ ಎರಡು ನಿಮಿಷ ಬಿಸಿಲಲ್ಲಿ ನಿಲ್ಲಬೇಕು. ನಿಲ್ಲಲಾರದವನು ಕೆಂಪಿನಲ್ಲೇ ನುಗ್ಗುತ್ತಾನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಕಾಲ್ನಡಿಗೆಯವರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಇದೆಲ್ಲ ದೀಪದಿಂದಲೇ ಆದ ಸಾವೆಂದು ನಾವು ಹೇಳುವುದಿಲ್ಲ. ಆದರೆ ಐವರಲ್ಲಿ ಸುಮಾರು ಒಬ್ಬನಂತೆ ಸಾಯುವವನಿಗೆ ಲೆಕ್ಕದ ಪುಸ್ತಕದಲ್ಲಿ ಸಾಲಿಲ್ಲವೆಂಬುದನ್ನು ಒಪ್ಪಲೂ ಆಗದು.

ಬೇರೆ ದಾರಿಯೇ ಇಲ್ಲವೇ? ಇದೆ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಮತದಾರರು ನೆಲದಡಿಯ ರೈಲಿನ ದೊಡ್ಡ ಯೋಜನೆಯನ್ನು 1973ರಲ್ಲಿ ತಿರಸ್ಕರಿಸಿದರು. 1977ರಲ್ಲಿ ಮತ್ತೆ ಮತ ಹಾಕಿ, ರಸ್ತೆಯ ಮೇಲಿನ ಟ್ರಾಮು ಮತ್ತು ಬಸ್ಸುಗಳು ತಡೆಯಿಲ್ಲದೆ ಓಡುವಂತೆ ಮಾಡಲು 20 ಕೋಟಿ ಫ್ರಾಂಕುಗಳನ್ನು ಮಂಜೂರು ಮಾಡಿದರು. ಟ್ರಾಮು ಹತ್ತಿರ ಬಂದದ್ದನ್ನು ತಿಳಿದು ದೀಪ ತಾನಾಗಿ ಹಸಿರಾಗುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಅಲ್ಲಿಯೂ ಕೆಲಸ ಮಾಡುವುದು ಗಣಕಯಂತ್ರವೇ. ಆದರೆ ಯಾರಿಗೆ ಮೊದಲು ಹಸಿರು ಎಂದು ಅದಕ್ಕೆ ಹೇಳಿದವರು ಜನ.

ನಮ್ಮ ನಾಡಿನಲ್ಲಿಯೂ ಉದಾಹರಣೆಯಿಲ್ಲದೆ ಇಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರು ಉದ್ದಕ್ಕೆ ಬಸ್ಸಿಗೆಂದೇ ದಾರಿ ಬಿಟ್ಟು 2018ರಲ್ಲಿ ಚಿಗರಿ ಬಸ್ಸುಗಳ ಓಡಾಟ ಶುರುವಾಯಿತು. ಬಸ್ಸಿನ ದಾರಿ ಖಾಲಿ ಬಿದ್ದಿದೆ, ನಮಗೆ ಬಿಟ್ಟುಕೊಡಿ ಎಂಬ ಕೂಗೂ ಹಿಂದೆಯೇ ಎದ್ದಿತು. ಬಸ್ಸು ನಿಲ್ಲದೆ ಸಾಗಿದರೆ ದಾರಿ ಖಾಲಿ ಕಾಣದೆ ಏನು ಮಾಡೀತು? ಆ ವ್ಯವಸ್ಥೆಯ ಕುಂದುಕೊರತೆಗಳನ್ನು ತಿದ್ದಬೇಕು, ಸರಿ. ಆದರೆ ಖಾಲಿ ಎಂಬ ಮಾತು ಗಾಡಿಗಳನ್ನು ಎಣಿಸಿದವರದು. ಜನರನ್ನು ಎಣಿಸಿದರೆ ಲೆಕ್ಕ ಬೇರೆಯಾಗುತ್ತದೆ.

ಆದ್ದರಿಂದ ದೀಪಗಳ ಈ ಹೊಸ ಏರ್ಪಾಡು ಎಲ್ಲಿ ಬಂದರೂ ನಾಲ್ಕು ಮಾತುಗಳನ್ನು ಜನ ಒತ್ತಾಯದಿಂದ ಕೇಳಬೇಕು. ಒಂದು, ದೀಪದ ಹೊತ್ತನ್ನು ವಾಹನಗಳ ತಲೆಯೆಣಿಕೆಯಿಂದಲ್ಲ, ಮನುಷ್ಯರ ತಲೆಯೆಣಿಕೆಯಿಂದ ಹಂಚಬೇಕು. ತುಂಬಿದ ಬಸ್ಸಿಗೆ ಮೊದಲ ಹಸಿರು ಸಿಗಬೇಕು. ಎರಡು, ಆಸ್ಪತ್ರೆ, ಶಾಲೆ, ಸಂತೆ, ಗಿರಣಿಗಳ ಹತ್ತಿರ ದಾಟುವ ಹೊತ್ತನ್ನು ನಿಧಾನ ನಡಿಗೆಯವರ ಅಳತೆಗೆ ಹೊಂದಿಸಬೇಕು. ಮೂರು, ಕಾರಿನ ಪ್ರಯಾಣದ ಹೊತ್ತಿನ ಜೊತೆಗೇ ಬಸ್ಸಿನ ಪ್ರಯಾಣದ ಹೊತ್ತನ್ನೂ ತಿಂಗಳು ತಿಂಗಳೂ ಪ್ರಕಟಿಸಬೇಕು. ನಾಲ್ಕು, ಯಾವ ಸರ್ಕಲ್‌ನಲ್ಲಿ ಯಾರಿಗೆ ಎಷ್ಟು ಸೆಕೆಂಡು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ನಗರಸಭೆಯ ಬಾಗಿಲಿಗೆ ಹಚ್ಚಬೇಕು.

ಇದು ತಾಂತ್ರಿಕ ವಿಷಯ, ನಿಮಗೆ ಅರ್ಥವಾಗದು ಎಂದು ಅಧಿಕಾರಿಗಳು ಹೇಳಬಹುದು. ಕೂಡುವುದು ಕಳೆಯುವುದು ಬಲ್ಲವರಿಗೆ ಅರ್ಥವಾಗದಂಥದು ಇದರಲ್ಲಿ ಏನೂ ಇಲ್ಲ. ಮುಂದಿನ ಬಾರಿ ವಾರ್ಡಿನ ಸದಸ್ಯರು ಮನೆ ಬಾಗಿಲಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: ನಮ್ಮ ಸರ್ಕಲ್‌ನ ದೀಪ ಏನನ್ನು ಎಣಿಸುತ್ತಿದೆ, ಗಾಡಿಗಳನ್ನೋ ನಮ್ಮನ್ನೋ? ಉತ್ತರ ಬರುವವರೆಗೆ ಬಿಡಬೇಡಿ.