ವಾಂತಿ-ಭೇದಿ ಶುರುವಾಯಿತೇ? ಡ್ರಿಪ್ಪಿಗೆ ಕಾಯಬೇಡಿ, ಉಪ್ಪು-ಸಕ್ಕರೆ ನೀರು ಈಗಲೇ ಕುಡಿಸಿ

ತಾಯಂದಿರೇ, ಅಜ್ಜಿಯರೇ, ಮನೆಯ ಹಿರಿಯರೇ,

ಮಗುವಿಗೆ ಭೇದಿ ಹಿಡಿದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು, "ನೀರು ಕೊಡಬೇಡಿ, ಇನ್ನೂ ಜಾಸ್ತಿ ಆಗುತ್ತೆ" ಅಂತ. ಎರಡನೆಯದು, "ಬೆಳಿಗ್ಗೆ ಕರಕೊಂಡು ಹೋಗಿ ಒಂದು ಬಾಟ್ಲಿ ಹಾಕಿಸಿದರಾಯಿತು" ಅಂತ. ಈ ಎರಡು ಮಾತುಗಳ ನಡುವೆ ಒಂದು ಇಡೀ ರಾತ್ರಿ ಇದೆ. ಎಳೆಯ ಮಗುವಿನ ಮೈ ಒಣಗಿ ಕಣ್ಣು ಗುಳಿಬೀಳಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಹೊಟ್ಟೆ ಸೇರಿದ ಕ್ರಿಮಿ ಯಾವುದೇ ಇರಲಿ, ಜೀವಕ್ಕೆ ಕುತ್ತು ತರುವುದು ಮೈಯಿಂದ ಹರಿದುಹೋಗುವ ನೀರು ಮತ್ತು ಉಪ್ಪು. ಅವು ಹೋದ ಹಾಗೆಲ್ಲ ಮತ್ತೆ ತುಂಬಿಕೊಡುವ ಕೆಲಸ ಮೊದಲ ನೀರುಭೇದಿಯಿಂದಲೇ, ನಮ್ಮ ಅಡುಗೆಮನೆಯಿಂದಲೇ ಶುರುವಾಗಬೇಕು.

ಬರೀ ನೀರು ಸಾಲದೇ? ಸಾಲದು. ಭೇದಿಯಾಗುವಾಗ ಕರುಳು ಬರೀ ನೀರನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಕರುಳಿನ ಗೋಡೆ ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ಕಾಯಿಲೆಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಸಕ್ಕರೆಯಿಂದ ಕರುಳಿಗೆ ಗ್ಲೂಕೋಸ್ ಸಿಗುತ್ತದೆ, ಹಾಗಾಗಿ ಇಲ್ಲಿ ಅದನ್ನು ಹಾಕುವುದು ರುಚಿಗಲ್ಲ, ಉಪ್ಪನ್ನೂ ನೀರನ್ನೂ ಮೈಗೆ ಹತ್ತಿಸುವುದಕ್ಕೆ. ಅದು ಅತಿಯಾದರೆ ಮಾತ್ರ ಕೆಲಸ ಉಲ್ಟಾ ಆಗುತ್ತದೆ: ಕರುಳಿನಲ್ಲಿ ಉಳಿದ ಸಕ್ಕರೆ ಮೈಯೊಳಗಿನ ನೀರನ್ನೇ ಹೊರಗೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಅತಿಯಾದರೆ ಮಗುವಿಗೆ ನೇರವಾಗಿ ಅಪಾಯ. ಆದ್ದರಿಂದ ನಮ್ಮ ಬೇಡಿಕೆ ಒಂದೇ: ಪ್ರತಿ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಇದರ ಅಳತೆ ಬಾಯಿಪಾಠವಾಗಿರಬೇಕು.

ಅಳತೆ ಇದು. ಒಂದು ಲೀಟರ್ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಾಡುವಾಗ ಅವಸರ ಬೇಡ. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ. ಲೀಟರ್ ಅಳೆಯಲು ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿಯೇ ಸಾಕು; ಚೊಂಬಿನ ಲೆಕ್ಕ, ಲೋಟದ ಲೆಕ್ಕ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಚಮಚವೂ ಅಷ್ಟೇ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಚಮಚ, ಊಟದ ಚಮಚ ಎಲ್ಲಕ್ಕೂ ಚಮಚ ಎಂದೇ ಹೆಸರು, ಇಲ್ಲಿ ಬೇಕಾದದ್ದು 5 ಮಿಲಿಲೀಟರ್ ಹಿಡಿಯುವ ಟೀ ಚಮಚ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 5 ಮಿ.ಲೀ. ಗೆರೆ ಇರುತ್ತದೆ. ಅದನ್ನು ತೊಳೆದು ಎತ್ತಿಟ್ಟುಕೊಂಡರೆ ಬೇರೆ ಅಳತೆ ಬೇಡ. ರಾಶಿ ಹಾಕಬಾರದು, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ಮಟ್ಟ ಮಾಡಿ ಹಾಕಬೇಕು. ಉಪ್ಪು ಪುಡಿಯುಪ್ಪೇ ಆಗಲಿ. ಕಲ್ಲುಪ್ಪಿನ ಹರಳುಗಳ ನಡುವೆ ಸಂದಿ ಇರುವುದರಿಂದ ಅದರಲ್ಲಿ ಅಳತೆ ಕೂಡಿಬರುವುದಿಲ್ಲ. ಮೊದಲು ಉಪ್ಪನ್ನಷ್ಟೇ ಕರಗಿಸಿ ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪು ಅನಿಸಿದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಿ. ಆಮೇಲೆ ಸಕ್ಕರೆ ಹಾಕಿ ಪೂರ್ತಿ ಕರಗುವ ತನಕ ಕಲಕಿ. ಕಲಸಿದ ಮೇಲೆ ಮತ್ತೆ ಕುದಿಸಬಾರದು. ಮುಚ್ಚಿಟ್ಟು 24 ಗಂಟೆಯೊಳಗೆ ಮುಗಿಸಿ, ಮಿಕ್ಕಿದ್ದನ್ನು ಚೆಲ್ಲಿ.

ಮನೆಯಲ್ಲಿ ಮಾಡಿದ್ದಕ್ಕಿಂತ ಓಆರ್‌ಎಸ್ ಪೊಟ್ಟಣವೇ ಮೇಲು, ಈ ಮಾತನ್ನು ಮರೆಮಾಚಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತವೆ. ಜೊತೆಗೆ ಮನೆಯ ನೀರಿನಲ್ಲಿ ಸಿಗದ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಕೂಡ. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಎರಡು ಪೊಟ್ಟಣ ಮನೆಯಲ್ಲಿ ಸದಾ ಇರಲಿ. ಒಂದು ಎಚ್ಚರ: ಲೀಟರಿನ ಪೊಟ್ಟಣವನ್ನು ಒಂದು ಲೋಟದಲ್ಲಿ ಕಲಸಿ ಕುಡಿಸಬೇಡಿ, ಲೋಟಕ್ಕೆಂದೇ ಬರುವ ಚಿಕ್ಕ ಪೊಟ್ಟಣ ಬೇರೆ. ಎಷ್ಟು ನೀರು ಎಂದು ಮೇಲೆ ಬರೆದಿರುತ್ತದೆ, ಓದಿ ಅಥವಾ ಓದಿಸಿ. ಪೊಟ್ಟಣ ಕೈಗೆ ಸಿಗುವ ತನಕದ ಹೊತ್ತು ಉಪ್ಪು-ಸಕ್ಕರೆ ನೀರಿನದು.

"ಕುಡಿಸಿದ್ದೆಲ್ಲ ವಾಂತಿ ಮಾಡುತ್ತೆ, ಏನು ಮಾಡೋದು?" ಎಂದು ಕೇಳದ ತಾಯಿಯಿಲ್ಲ. ಬಾಯಾರಿದ ಮಗುವಿಗೆ ಲೋಟ ಕೊಟ್ಟರೆ ಒಂದೇ ಉಸಿರಿಗೆ ಕುಡಿಯುತ್ತದೆ, ಹಾಗೆಯೇ ಕಕ್ಕುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಡಿ. ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸಿಕೊಂಡು ಚಮಚದಲ್ಲಿ ಕೊಡಿ. ಒಂದು ಚಮಚ, ಎರಡು-ಮೂರು ನಿಮಿಷ ತಡೆದು ಇನ್ನೊಂದು ಚಮಚ. ಕೈ ಸೋಲುತ್ತದೆ, ನಿದ್ದೆ ಎಳೆಯುತ್ತದೆ. ಮನೆಯ ಗಂಡಸರು ಇಲ್ಲಿ ಸರದಿ ಹಿಡಿಯಲೇಬೇಕು, ಇದು ತಾಯಿಯೊಬ್ಬಳ ಕೆಲಸವಲ್ಲ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡರಿಂದ ಹತ್ತು ವರ್ಷದವರಿಗೆ ಅರ್ಧದಿಂದ ಒಂದು ಲೋಟ. ದೊಡ್ಡವರು ಕುಡಿದಷ್ಟೂ ಕುಡಿಯಲಿ. ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ. ಆರು ತಿಂಗಳೊಳಗಿನ ಕೂಸಿಗೆ ಮನೆ ಮದ್ದು ಬೇಡವೇ ಬೇಡ, ಹಾಲೂಡಿಸುತ್ತ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟವನ್ನೂ ಕಟ್ಟಬೇಡಿ. ನಮ್ಮ ಅಜ್ಜಿಯರ ಗಂಜಿತಿಳಿ, ಉಪ್ಪು ಹಾಕಿದ ನೀರು ಮಜ್ಜಿಗೆ, ತೆಳ್ಳನೆಯ ರಾಗಿ ಗಂಜಿ ಎಲ್ಲವೂ ಇಲ್ಲಿ ಸಲ್ಲುತ್ತವೆ. ಅಕ್ಕಿಯ ಗಂಜಿ ಹೊಟ್ಟೆಯಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ, ಅಲ್ಲಿಯೂ ಲೀಟರಿಗೆ ಅರ್ಧ ಟೀ ಚಮಚ ಉಪ್ಪಿನ ಲೆಕ್ಕವೇ. ಎಳನೀರು ಒಳ್ಳೆಯದು, ಬಾಳೆಹಣ್ಣೂ ಒಳ್ಳೆಯದು, ಎರಡರಲ್ಲೂ ಪೊಟ್ಯಾಸಿಯಂ ಇದೆ. ಆದರೆ ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಿ ಕೂರಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಡಿ. ಭೇದಿ ಕಟ್ಟುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ನುಂಗಿಸಬೇಡಿ.

ಅಂಗಡಿಯ ಬಣ್ಣದ ಡಬ್ಬಿಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಕೋಲಾದಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಿಂತ ಮೋಸದ್ದು, ಓಆರ್‌ಎಸ್ ಎಂದು ಹೆಸರಿಟ್ಟುಕೊಂಡು ಮೆಡಿಕಲ್ ಶಾಪಿನಲ್ಲೇ ಕೂತಿದ್ದ ಸಿಹಿ ಪಾನೀಯಗಳು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇವುಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದೆಂದು ಆದೇಶಿಸಿತು. ನೀವು ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಮೇಲೆ ಬರೆದಿದೆಯೇ ನೋಡಿ. ಇಲ್ಲವೆಂದರೆ ವಾಪಸ್ ಕೊಡಿ.

"ಉಪ್ಪು-ಸಕ್ಕರೆ ನೀರಿನಿಂದ ಏನಾಗುತ್ತೆ, ಡ್ರಿಪ್ ಹಾಕಿದರೇ ಶಕ್ತಿ" ಎನ್ನುವವರು ಪಶ್ಚಿಮ ಬಂಗಾಳದ ಬನಗಾಂವ್‌ನ 1971ರ ಕಥೆ ಕೇಳಬೇಕು. ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಜನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದರು, ಡ್ರಿಪ್ಪಿನ ದಾಸ್ತಾನು ಮುಗಿಯುತ್ತಿತ್ತು. ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಮೂರನ್ನೂ ಲೀಟರಿನ ಲೆಕ್ಕದಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮುಗಳಲ್ಲಿ ಕಲಸಿದರು. ಕುಡಿಸಿದವರು ರೋಗಿಗಳ ಅಮ್ಮಂದಿರು, ಅಕ್ಕ-ತಮ್ಮಂದಿರು. ನೂರಕ್ಕೆ ಸುಮಾರು 30 ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಕರುಳು ಒಟ್ಟಿಗೆ ಒಳಗೆಳೆಯುತ್ತದೆಂಬ ಶೋಧವು 20ನೇ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯೇ ಬರೆಯಿತು. ಮುಂದೆ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಕಲಿತವರಿಗೆ ಎಷ್ಟು ನೆನಪಿದೆ ಎಂದು ಆಮೇಲೆ ಪರೀಕ್ಷಿಸಿ, ಅದರ ಮೇಲೆ ಕಲಿಸಿದವರಿಗೆ ಸಂಬಳ ಕೊಟ್ಟರು. ನಮ್ಮ ಸ್ವಸಹಾಯ ಸಂಘಗಳಿಗೆ, ಅಂಗನವಾಡಿಗಳಿಗೆ ಇದು ಆಗದ ಕೆಲಸವೇ?

2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ: ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಈ ನಾಡು ನೋಡಿದೆ. ಶುದ್ಧ ನೀರು ಕೊಡುವುದು ಪಂಚಾಯಿತಿ, ನಗರಸಭೆಗಳ ಹೊಣೆ, ಅದನ್ನು ಬಿಡದೆ ಕೇಳೋಣ. ಆದರೆ ಪೈಪು ರಿಪೇರಿಯಾಗುವ ತನಕ ಕಾಯಿಲೆ ಕಾಯುವುದಿಲ್ಲ.

ಮನೆಯ ಆರೈಕೆಗೆ ಮಿತಿಯೂ ಇದೆ. ಮಲದಲ್ಲಿ ರಕ್ತ, ಅಕ್ಕಿ ತೊಳೆದ ನೀರಿನಂಥ ಭೇದಿ ಮೇಲಿಂದ ಮೇಲೆ, ನಿಲ್ಲದ ವಾಂತಿ, ಗುಳಿಬಿದ್ದ ಕಣ್ಣು, ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುವುದು, ಕುಡಿಯಲಾಗದಷ್ಟು ಮಂಕು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಆಗ ಡ್ರಿಪ್ ಬೇಕಾಗಬಹುದು. ಮಗುವಿಗೆ ಎಚ್ಚರವಿದ್ದು ನುಂಗುವಂತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಹೋಗಿ. ಮೂತ್ರಪಿಂಡ, ಹೃದಯದ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಯವರು ವೈದ್ಯರಿಗೆ ಬೇಗ ಹೇಳಿ ಸಲಹೆ ಪಡೆಯಿರಿ.

ಈ ಹಾಳೆಯನ್ನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ. ಇವತ್ತೇ ಒಮ್ಮೆ ಒಂದು ಲೀಟರ್ ಮಾಡಿ ರುಚಿ ನೋಡಿ, ಓದು ಬಾರದ ನೆರೆಮನೆಯವರನ್ನೂ ಕರೆದು ಅವರ ಕೈಯಿಂದಲೇ ಮಾಡಿಸಿ.